ರಂಗನಾಯಕಮ್ಮನವರ ಎಡಗಣ್ಣು

ಮಂಡ್ಯದ ಡಾಕ್ಟರ್ ಶ್ರೀಕಾಂತರ ಕಣ್ಣಾಸ್ಪತ್ರೆಯಲ್ಲಿ ವೇದವತಿಯ ಕೋಣೆಗೆ ಕಿಟಕಿಯಿಲ್ಲ. ಔಷಧದ ಅಂಗಡಿಗೂ ಲಿಫ್ಟಿಗೂ ನಡುವೆ ಸಿಕ್ಕಿಕೊಂಡಿರುವ ಆ ಕೋಣೆಯಲ್ಲಿ ಏಸಿ ಎಂದೂ ನಿಲ್ಲುವುದಿಲ್ಲ. ಅದು ಇರುವುದು ಅವಳಿಗಾಗಿ ಅಲ್ಲ, ಸರ್ವರ್ ಕಂಪ್ಯೂಟರಿಗಾಗಿ. ಬೇಸಿಗೆಯಲ್ಲಿ ನರ್ಸುಗಳು ತಂಪಿಗೆಂದು ಊಟದ ಡಬ್ಬಿ ಹಿಡಿದು ಅಲ್ಲಿಗೆ ಬರುತ್ತಾರೆ. ಮಳೆ ಬಿದ್ದ ಮೇಲೆ ಯಾರೂ ಬರುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರೂ ಕಡೆಯ ಆಸ್ಪತ್ರೆಗಳ ಕಂಪ್ಯೂಟರುಗಳು, ಅವನ್ನು ಬೆಸೆದಿರುವ ಜಾಲ, ಅವುಗಳೊಳಗೆ ವರ್ಷದಿಂದ ವರ್ಷಕ್ಕೆ ಕೂಡಿಬಿದ್ದಿರುವ ಕಣ್ಣುಗಳ ಚಿತ್ರಗಳು, ಎಲ್ಲದರ ಹೊಣೆಯೂ ಅವಳದು. ಸರಿಯಾಗಿ ನಡೆಯುವಷ್ಟು ದಿನ ಯಾರ ಗಮನಕ್ಕೂ ಬಾರದ ಕೆಲಸ ಅದು. ಆ ಚಿತ್ರಗಳ ಬೆಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒತ್ತಡದ ಕಾಯಿಲೆಯಿರುವ ಕಣ್ಣಿನ ನರ ಸವೆಯುತ್ತಿದೆಯೇ, ಇದ್ದಂತೆಯೇ ಇದೆಯೇ ಎಂದು ತಿಳಿಯಲು ಹಿಂದಿನ ಚಿತ್ರದ ಪಕ್ಕದಲ್ಲಿ ಇಂದಿನ ಚಿತ್ರವನ್ನಿಟ್ಟು ನೋಡಬೇಕು. ಪೊರೆ ಬಂದರೆ ತೆಗೆದು ಹೊಸ ಮಸೂರ ಕೂರಿಸಬಹುದು. ಹೋದ ವರ್ಷದ ಕಣ್ಣಿನ ಚಿತ್ರವನ್ನು ಈ ವರ್ಷ ತೆಗೆಯಲು ಯಾವ ಡಾಕ್ಟರಿಗೂ ಸಾಧ್ಯವಿಲ್ಲ.

ವೇದವತಿ ಓದಿದ್ದು ಭೌತವಿಜ್ಞಾನ. ಕಾಲೇಜೊಂದರಲ್ಲಿ ಹಂಗಾಮಿ ಉಪನ್ಯಾಸಕಿಯಾಗಿ ಹಲವು ವರ್ಷ ಪಾಠ ಹೇಳಿ, ಆ ಹುದ್ದೆ ಕಾಯಂ ಆಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಕಂಪ್ಯೂಟರ್ ಕಲಿತು ಈ ಆಸ್ಪತ್ರೆಗೆ ಸೇರಿದಳು. ಪಾಠ ಬಿಟ್ಟುಹೋಯಿತು, ಅದರ ಜೊತೆಗಿದ್ದ ಒಂದು ಚಾಳಿ ಉಳಿಯಿತು. ಯಾರು ಏನು ಹೇಳಿದರೂ 'ಇದು ಸುಳ್ಳಾಗಿದ್ದರೆ ಹೇಗೆ ಕಾಣುತ್ತಿತ್ತು?' ಎಂದು ಕೇಳಿಕೊಳ್ಳುವ ಚಾಳಿ. ಒಮ್ಮೆ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಜಾತಕ ಅದ್ಭುತವಾಗಿ ಕೂಡಿದೆ ಎಂದಾಗ, ಕೂಡದೆಯೂ ಸುಖವಾಗಿರುವವರ ಲೆಕ್ಕವನ್ನು ಯಾರಾದರೂ ಇಟ್ಟಿದ್ದಾರೆಯೇ ಎಂದು ಅವಳು ವಿನಯದಿಂದಲೇ ಕೇಳಿದ್ದಳು. ಅವರು ಉಪ್ಪಿಟ್ಟು ಮುಗಿಸಿ ಎದ್ದವರು ಮತ್ತೆ ಬರಲಿಲ್ಲ. ಆ ರಾತ್ರಿ ತಾಯಿ ರಂಗನಾಯಕಮ್ಮ ಬೈಯಲಿಲ್ಲ. "ಉಪ್ಪಿಟ್ಟಾದರೂ ಚೆನ್ನಾಗಿತ್ತಲ್ಲ, ಬಿಡು" ಎಂದರು.

ಆ ರಂಗನಾಯಕಮ್ಮ ಹೋದ ಶ್ರಾವಣದಲ್ಲಿ ತೀರಿಕೊಂಡರು. ವಿದ್ಯಾನಗರದ ಮನೆಯಲ್ಲಿ ಈಗ ವೇದವತಿ ಒಬ್ಬಳೇ. ಕುಕ್ಕರಿನಲ್ಲಿ ಅಕ್ಕಿ ಹಾಕುವಾಗ ಕೈ ಇನ್ನೂ ಇಬ್ಬರ ಅಳತೆಯನ್ನೇ ಹಾಕುತ್ತದೆ. ಉಳಿದದ್ದು ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಹೀಗಾಗಿ ಎಷ್ಟೋ ತಿಂಗಳಿಂದ ಅವಳ ಡಬ್ಬಿಯಲ್ಲಿ ಚಿತ್ರಾನ್ನವೇ.

ಶಿವರಾತ್ರಿ ಕಳೆದ ಮೇಲೆ ಡಾಕ್ಟರ್ ಶ್ರೀಕಾಂತರು ಅವಳನ್ನು ಕರೆಸಿದರು. ದಿನದಿನದ ದಾಖಲೆಗಳ ಪ್ರತಿ ಎತ್ತಿಡುತ್ತಿದ್ದ ಹಳೆಯ ಬ್ಯಾಕಪ್ ತಂತ್ರಾಂಶವನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿತ್ತು. ಹೊಸದನ್ನು ಆರಿಸಬೇಕಿತ್ತು. ಬಂದ ಅನೇಕ ಪ್ರಸ್ತಾವಗಳಲ್ಲಿ ವೇದವತಿ ಸೋಸಿ ಉಳಿಸಿದ್ದು ಎರಡು. ಒಂದನ್ನು ಮಾರಲು ಬೆಂಗಳೂರಿನಿಂದ ವಂಶಿ ಎಂಬ ಚುರುಕಿನ ಯುವಕ ಬರುತ್ತಿದ್ದ. ಇನ್ನೊಂದು ಪುಕ್ಕಟೆ ಸಿಗುವಂಥದ್ದು, ಅದಕ್ಕೆ ಮಾರುವವರೇ ಇರಲಿಲ್ಲ. ದಪ್ಪನೆಯ ಕೈಪಿಡಿಯೊಂದಿತ್ತು, ಅಷ್ಟೆ.

"ವಂಶಿ ತೋರಿಸಿದ್ದು ನೋಡಿದೆ. ಒಂದೇ ಪರದೆಯಲ್ಲಿ ಮೂರೂ ಊರು, ಎಲ್ಲಾ ಹಸಿರು," ಎಂದರು ಡಾಕ್ಟರು. "ಇದನ್ನೇ ತಗೊಂಡುಬಿಡೋಣ ಅಲ್ವಾ?"

"ಪ್ರತಿ ತೆಗೆಯೋದನ್ನ ಎಲ್ಲರೂ ತೋರಿಸ್ತಾರೆ ಸಾರ್. ಕಳೆದದ್ದನ್ನ ವಾಪಸ್ಸು ತರೋದನ್ನ ಯಾರೂ ತೋರಿಸಿಲ್ಲ. ಒಂದು ನಿಜವಾದ ದಾಖಲೆ ಅಳಿಸಿ ನೋಡಬೇಕು."

"ಅಳಿಸೋದಾ? ಯಾರದ್ದು?"

ಆ ಪ್ರಶ್ನೆ ಅವಳನ್ನೂ ಕಾಡಿತ್ತು. ಸುಳ್ಳು ಫೈಲೊಂದನ್ನು ಸೃಷ್ಟಿಸಿ ಅಳಿಸಿದರೆ ಎಲ್ಲ ತಂತ್ರಾಂಶಗಳೂ ಗೆಲ್ಲುತ್ತವೆ. ನಿಜವಾದ ರೋಗಿಯ ದಾಖಲೆ ಹಾಗಲ್ಲ: ಹೆಸರು, ಟಿಪ್ಪಣಿಗಳು ಒಂದು ಕಡೆ, ಚಿತ್ರಗಳು ಇನ್ನೊಂದು ಕಡೆ, ವರ್ಷಗಳುದ್ದಕ್ಕೂ ಹರಡಿಕೊಂಡಿರುತ್ತವೆ. ಬದುಕಿರುವವರ ದಾಖಲೆಯನ್ನು ಮುಟ್ಟುವಂತಿಲ್ಲ. ಸತ್ತವರದ್ದಕ್ಕೂ ಮನೆಯವರು ಒಪ್ಪಬೇಕು. ಹಾಗೆ ಒಪ್ಪಿಗೆ ಕೊಡುವ ಹಕ್ಕು ಅವಳಿಗಿದ್ದದ್ದು ಒಬ್ಬರ ವಿಷಯದಲ್ಲಿ ಮಾತ್ರ.

"ನಮ್ಮಮ್ಮಂದು ಸಾರ್. ಮಳವಳ್ಳೀಲಿದೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇಡ ವೇದವತಿಯವರೇ. ಏನಾದರೂ ಹೆಚ್ಚುಕಮ್ಮಿ ಆದರೆ?"

"ಹಳೇ ತಂತ್ರಾಂಶ ತೆಗೆದ ಪ್ರತಿ ಅಲ್ಲೇ ಬೇರೆ ಡಿಸ್ಕಿನಲ್ಲಿದೆ. ನಿನ್ನೆಯದೂ ಯಶಸ್ವಿ ಅಂತ ವರದಿ ಬಂದಿದೆ. ಹೆಚ್ಚುಕಮ್ಮಿ ಆಗಬಹುದು ಅನ್ನೋ ದಾಖಲೇಲೇ ಪರೀಕ್ಷೆ ಮಾಡಬೇಕು ಸಾರ್. ಇಲ್ಲದಿದ್ದರೆ ಪರೀಕ್ಷೇನ ನಾನೇ ಸಡಿಲ ಮಾಡಿಬಿಡ್ತೀನಿ."

ತಾಯಿಯ ದಾಖಲೆ ಮಳವಳ್ಳಿಯಲ್ಲಿರಲು ಕಾರಣವಿತ್ತು. ಅಲ್ಲಿನ ಶಾಖೆ ಶುರುವಾದಾಗ ತಂತಿ ಎಳೆಸಲು ಹೋದ ವೇದವತಿ, ಮನೆಯಲ್ಲಿ ಒಬ್ಬರನ್ನೇ ಬಿಡಲಾರದೆ ತಾಯಿಯನ್ನೂ ಕರೆದೊಯ್ದಿದ್ದಳು. ಶಾಖೆಯ ಉಸ್ತುವಾರಿ ಕೆಂಪರಾಜು ಹೊಸ ಕ್ಯಾಮೆರಾ ಪರೀಕ್ಷಿಸಲು ಯಾರಾದರೂ ಬೇಕೆಂದಾಗ ರಂಗನಾಯಕಮ್ಮ ತಾವೇ ಹೋಗಿ ಗಲ್ಲವಿಟ್ಟು ಕುಳಿತರು. ಆ ಶಾಖೆಯ ಮೊದಲನೆಯ ರೋಗಿ ಅವರೇ. ಅಂದಿನಿಂದ ಪ್ರತಿ ವರ್ಷ, ಮಂಡ್ಯದಲ್ಲೇ ದೊಡ್ಡ ಆಸ್ಪತ್ರೆಯಿದ್ದರೂ, "ನನ್ನ ಕಣ್ಣು ಮಳವಳ್ಳೀಲಿದೆ" ಎಂದು ಹಟ ಹಿಡಿದು ಬಸ್ಸು ಹತ್ತುತ್ತಿದ್ದರು. ಈರುಳ್ಳಿ ಮುಟ್ಟದ ಅವರು ಮದ್ದೂರಿನಲ್ಲಿ ವಡೆಯ ವಾಸನೆ ಬಂದೊಡನೆ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಕಿಟಕಿಯನ್ನು ಮಾತ್ರ ಮುಚ್ಚಗೊಡುತ್ತಿರಲಿಲ್ಲ. ಅದೇ ಅವರಿಬ್ಬರ ಪ್ರವಾಸ. ಕಡೆಯ ಎರಡು ವರ್ಷ ಬಲಗಣ್ಣು ಮಂಜಾಗಿತ್ತು. ಮಗಳನ್ನು ನೋಡಬೇಕಾದಾಗ ಕತ್ತನ್ನು ತುಸು ಬಲಕ್ಕೆ ಹೊರಳಿಸಿ ಎಡಗಣ್ಣನ್ನು ಮುಂದೆ ತರುತ್ತಿದ್ದರು. ಹಕ್ಕಿ ನೋಡಿದ ಹಾಗೆ ನೋಡ್ತೀಯಲ್ಲಮ್ಮ ಎಂದು ಮಗಳು ನಗುತ್ತಿದ್ದಳು.

ಗೊತ್ತುಮಾಡಿದ ದಿನ ವೇದವತಿ ಮದ್ದೂರಿನಲ್ಲಿ ಬಸ್ಸು ಬದಲಿಸಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮಳವಳ್ಳಿಗೆ ಹೋದಳು. ವಂಶಿಯ ತಂತ್ರಾಂಶ ಹಿಂದಿನ ವಾರವೇ ಅಲ್ಲಿ ಕೂತು ತನ್ನ ಪ್ರತಿ ತೆಗೆದುಕೊಂಡಿತ್ತು. ಕೆಂಪರಾಜುವಿನ ಕುರ್ಚಿಯಲ್ಲಿ ಕುಳಿತು ಅವಳು ತಾಯಿಯ ದಾಖಲೆಯನ್ನು ತೆರೆದಳು. ಕಿತ್ತಳೆ ಬಣ್ಣದ ದುಂಡನೆಯ ಚಿತ್ರಗಳು, ಅವುಗಳಲ್ಲಿ ನದಿಯ ಕವಲುಗಳಂತೆ ರಕ್ತನಾಳಗಳು. ಇದು ಮುಖವಲ್ಲ, ಒಂದು ಅಂಗಾಂಶದ ಚಿತ್ರ ಎಂದು ಅವಳಿಗೆ ತಿಳಿದಿತ್ತು. ತಿಳಿದೂ ಒಂದು ಗಳಿಗೆ ಹೆಚ್ಚು ನೋಡಿದಳು. ಆಮೇಲೆ ಅಳಿಸಿದಳು.

ಮರಳಿ ತರಲು ಹೇಳಿದಾಗ ವಂಶಿಯ ತಂತ್ರಾಂಶ ತಡಮಾಡಲಿಲ್ಲ. ಹಸಿರು ಗುರುತು ಬಿತ್ತು: ಯಶಸ್ವಿ. ದಾಖಲೆ ತೆರೆದರೆ ಹೆಸರಿತ್ತು, ವಯಸ್ಸಿತ್ತು, ಕೆಂಪರಾಜು ಬರೆದ ಟಿಪ್ಪಣಿಗಳೆಲ್ಲ ಇದ್ದವು. ಚಿತ್ರಗಳಿರಬೇಕಾದ ಕಡೆ ಬಿಳಿಯ ಚೌಕಗಳಿದ್ದವು.

ಅವಳು ವಂಶಿಗೆ ಫೋನು ಮಾಡಿದಳು.

"ಓ, ಆ ಚಿತ್ರಗಳ ಫೋಲ್ಡರನ್ನ ನಮ್ಮ ಹುಡುಗರು ಸೇರಿಸಿಲ್ಲ ಅನ್ಸುತ್ತೆ ಮೇಡಂ. ಸಣ್ಣ ಸೆಟ್ಟಿಂಗು, ಈಗಲೇ ಮಾಡಿಸ್ತೀನಿ."

"ಚಿತ್ರ ಇಲ್ಲದೆ ಯಶಸ್ವಿ ಅಂತ ಯಾಕೆ ಹೇಳ್ತು?"

"ಹೇಳಿದಷ್ಟನ್ನ ಮಾಡಿದೆ ಅಂತ ಅದರ ಅರ್ಥ ಮೇಡಂ. ಹೇಳದೇ ಇದ್ದದ್ದಕ್ಕೆ ಅದೇನು ಮಾಡುತ್ತೆ, ಪಾಪ!"

ವೇದವತಿಗೆ ಗಾಬರಿಯಾಗಲಿಲ್ಲ. ಹಳೆಯ ಡಿಸ್ಕಿನಿಂದ ಚಿತ್ರಗಳನ್ನು ತೆಗೆದುಕೊಂಡರಾಯಿತೆಂದು ಕಂಪ್ಯೂಟರಿನ ಹಿಂದೆ ಕೈ ಹಾಕಿದಳು. ಕೈಗೆ ತಂತಿ ಸಿಕ್ಕಿತು. ತಂತಿಯ ತುದಿಯಲ್ಲಿ ಏನೂ ಇರಲಿಲ್ಲ.

"ಕೆಂಪರಾಜು, ಇಲ್ಲಿದ್ದ ಡಿಸ್ಕೆಲ್ಲಿ?"

ಕೆಂಪರಾಜು ಬಗ್ಗಿ ನೋಡಿದ. "ಯಾವ್ದು, ಆ ಕರೀ ಡಬ್ಬೀನಾ? ಆಯುಧಪೂಜೇಲಿ ಬಿಚ್ಚಿದ್ವಲ್ಲ ಮೇಡಂ. ಮಿಷಿನೆಲ್ಲ ಪೂಜೆ ಮಾಡಿ ಅಂತ ಡಾಕ್ಟ್ರೇ ಯೋಳಿದ್ರು." ಅವನು ತಲೆ ಕೆರೆದುಕೊಂಡ. "ಕ್ಯಾಮೆರಾನ ಮಾರ್ನೇ ದಿನ್ವೇ ತಕ್ಕೊಂಡ್ವಿ, ಪೇಸೆಂಟ್ ಬಂದ್ರು ನೋಡಿ. ಇದ್ನ ಯಾರೂ ಕೇಳ್ನಿಲ್ಲ."

ಹೊರಗೆ ನೆಲ ಒರೆಸುತ್ತಿದ್ದ ಆಯಾ ಶಿವನಂಜಮ್ಮ ಬಾಗಿಲಿಗೆ ಬಂದರು. "ಅದಾ? ದೇವ್ರ ಗೂಡ್ನಲ್ಲಿ ಮಡಗಿವ್ನಿ ಕಣವ್ವ. ಪೂಜೆ ಮಾಡಿದ್ ಸಾಮಾನ ಕಂಡ್‌ಕಂಡಲ್ಲಿ ಬಿಸಾಕಕಾದದಾ? ಸುಕ್ರವಾರ ಸುಕ್ರವಾರ ಊವ ಮಡಗಿ, ತೀರ್ತ ಚಿಮ್ಕಿಸಿ, ಗಂದದ್ ಕಡ್ಡಿ ಅಚ್ತೀನಿ. ಏನೂ ಊನ ಮಾಡಿಲ್ಲ."

ವೇದವತಿ ಮನಸ್ಸಿನಲ್ಲೇ ದಿನಗಳನ್ನು ಎಣಿಸಿದಳು. ಆಯುಧಪೂಜೆಯ ಮಾರನೆಯ ದಿನದಿಂದ ನಿನ್ನೆಯವರೆಗೆ ಈ ಶಾಖೆಯಿಂದ ಒಂದು ದಿನವೂ ತಪ್ಪದೆ 'ಯಶಸ್ವಿ' ಎಂಬ ವರದಿ ಬಂದಿತ್ತು. ಹುಡುಕಿದಾಗ ತಿಳಿಯಿತು: ಡಿಸ್ಕು ಕಾಣದ ಹಳೆಯ ತಂತ್ರಾಂಶ ಅದೇ ಹೆಸರಿನ ಫೋಲ್ಡರೊಂದನ್ನು ಅದೇ ಕಂಪ್ಯೂಟರಿನೊಳಗೆ ಮಾಡಿಕೊಂಡು, ಪ್ರತಿಗಳನ್ನು ಅಲ್ಲಿಯೇ ತುಂಬುತ್ತ ಬಂದಿತ್ತು. ಕನ್ನಡಿಯ ಮುಂದೆ ನಿಂತವನು ಮನೆಯಲ್ಲಿ ನಾವಿಬ್ಬರಿದ್ದೇವೆ ಎಂದು ಲೆಕ್ಕ ಕೊಟ್ಟ ಹಾಗೆ. ಅದೂ ಆ ದಿನದಿಂದೀಚೆಗೆ ಹೊಸದಾಗಿ ಬಂದವನ್ನು ಮಾತ್ರ. ಹಳೆಯವು ಡಿಸ್ಕಿನಲ್ಲಿ ಇದ್ದೇ ಇವೆಯೆಂದು ಅದು ನಂಬಿತ್ತು. ರಂಗನಾಯಕಮ್ಮ ತೀರಿಕೊಂಡದ್ದು ಅದಕ್ಕೂ ಮೊದಲು. ಅವರ ಕಣ್ಣುಗಳು ಈಗ ಎಲ್ಲಾದರೂ ಉಳಿದಿದ್ದರೆ ಅದು ದೇವರ ಗೂಡಿನಲ್ಲಿ.

ಹಸಿರು ಗುರುತನ್ನು ನಂಬಬೇಡಿ ಎಂದು ಊರಿಗೆಲ್ಲ ಹೇಳುವವಳು ತಾನೇ ಒಂದು ಹಸಿರು ಗುರುತನ್ನು ನೆಚ್ಚಿಕೊಂಡು ತಾಯಿಯ ದಾಖಲೆಯನ್ನು ಅಳಿಸಿದ್ದಳು.

"ಪೂಜೆಗೆ ಬನ್ನಿ ಅಂತ ಫೋನ್ ಮಾಡಿದ್ನಲ್ಲ ಮೇಡಂ," ಎಂದ ಕೆಂಪರಾಜು ಮೆಲ್ಲಗೆ. "ನೀವು ಬಂದಿದ್ರೆ ಆವತ್ತೇ ಗೊತ್ತಾಗೋಗ್ತಿತ್ತು."

ಅವನು ಕರೆದದ್ದು ನಿಜ. ಸೂತಕದ ವರ್ಷ, ಹಬ್ಬವಿಲ್ಲ ಎಂದು ಎಲ್ಲರೂ ತಾವೇ ಅರ್ಥ ಮಾಡಿಕೊಂಡಿದ್ದರು. ಅವಳೂ ಹಾಗೆಯೇ ಇರಲೆಂದು ಬಿಟ್ಟಿದ್ದಳು. ನಿಜವಾಗಿ ಅವಳು ಯಾವ ವರ್ಷವೂ ಹೋದವಳಲ್ಲ. ಯಂತ್ರಕ್ಕೆ ಕುಂಕುಮವೇಕೆ ಎಂಬುದು ಅವಳ ವಾದ. ಆ ದಿನ ಮೂರೂ ಊರುಗಳಲ್ಲಿ ಎಲ್ಲರೂ ಬೂದುಗುಂಬಳ ಒಡೆದು ಪುರಿ, ಸಿಹಿ ಹಂಚುತ್ತಿರುವಾಗ ಅವಳು ಕಿಟಕಿಯಿಲ್ಲದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದುತ್ತ ಕುಳಿತಿದ್ದಳು.

ಶಿವನಂಜಮ್ಮ ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಮೇಲೆ ಗಂಧ ಒಣಗಿ ಬಿರುಕು ಬಿಟ್ಟಿತ್ತು. ತಂತಿ ಸಿಕ್ಕಿಸುವ ಕಂಡಿಯೊಳಗೆ ಕುಂಕುಮ ಕೂತಿತ್ತು. ಕೆಂಪರಾಜು ಮಸೂರದ ಧೂಳು ಊದುವ ರಬ್ಬರಿನ ಪಂಪು, ಸಣ್ಣ ಕುಂಚ ತಂದ. ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ ಊದಿದರು, ಉಜ್ಜಿದರು. ಮೇಜಿನ ಮೇಲೆ ಕೆಂಪು ಪುಡಿ ಉದುರಿತು. ಶಿವನಂಜಮ್ಮ ಅದನ್ನು ಬೆರಳಲ್ಲಿ ಒರೆಸಿ, ಅಭ್ಯಾಸಬಲದಿಂದ ಹಣೆಗಿಟ್ಟುಕೊಂಡರು.

ತಂತಿ ಸಿಕ್ಕಿಸಿದಾಗ ಮೊದಲು ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ತಿರುಗುವ ಸದ್ದು.

"ಜೀವ ಅದೆ ಕಣ್ ಮೇಡಂ!" ಎಂದ ಕೆಂಪರಾಜು.

ವೇದವತಿ ಪರದೆಯನ್ನೇ ನೋಡುತ್ತಿದ್ದಳು. ತಿರುಗುವುದಕ್ಕೂ ಓದುವುದಕ್ಕೂ ದೂರವಿದೆಯೆಂದು ಅವಳಿಗೆ ಗೊತ್ತಿತ್ತು. ಪರೀಕ್ಷೆಯನ್ನು ಇಲ್ಲಿಗೆ ನಿಲ್ಲಿಸಿ, ಕೈಗೆ ಸಿಕ್ಕಿದ್ದನ್ನು ಬಾಚಿಕೊಳ್ಳಬಹುದಿತ್ತು. ಆದರೆ ತೊಂದರೆಗೆ ಸಿಕ್ಕಿದ ನಿಜವಾದ ಡಿಸ್ಕು ಇದೇ ಮೊದಲ ಸಲ ಅವಳ ಮುಂದಿತ್ತು. ಎರಡೂ ತಂತ್ರಾಂಶಗಳಿಗೆ ಒಂದರ ನಂತರ ಒಂದರಂತೆ ಅದೇ ಕೆಲಸ ಕೊಟ್ಟಳು: ಇದರಲ್ಲಿರುವುದನ್ನೆಲ್ಲ ಹೊಸ ಡಿಸ್ಕಿಗೆ ಎತ್ತಿಕೊಡು.

ವಂಶಿಯ ತಂತ್ರಾಂಶ ಬೇಗ ಮುಗಿಸಿತು. ಹಸಿರು. ಕೆಂಪರಾಜು ಉಸಿರು ಬಿಟ್ಟ.

ಮಾರುವವರಿಲ್ಲದ ತಂತ್ರಾಂಶ ನಿಧಾನ. ಅದು ಪ್ರತಿಯೊಂದು ಫೈಲನ್ನೂ ಓದಿ, ಬರೆದು, ಬರೆದದ್ದನ್ನು ಮತ್ತೆ ಓದಿ ಹೋಲಿಸುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನದ ರೋಗಿಗಳೆಲ್ಲ ಬಂದು ಹೋದರು. ಕೆಂಪರಾಜು ಅತ್ತ ಕನ್ನಡಕದ ನಂಬರು ನೋಡುತ್ತಲೇ ಇತ್ತ ಇಣುಕಿ ಹೋಗುತ್ತಿದ್ದ. ವೇದವತಿಯ ಚಿತ್ರಾನ್ನ ಡಬ್ಬಿಯಲ್ಲೇ ಉಳಿಯಿತು. ಕೊನೆಗೆ ಬಂದದ್ದು ಹಸಿರಲ್ಲ, ಹಳದಿ ಗುರುತು. ಅದರ ಕೆಳಗೊಂದು ಸಾಲು: ಈ ಒಂದು ಫೈಲನ್ನು ಪೂರ್ತಿಯಾಗಿ ಓದಲಾಗಲಿಲ್ಲ, ಉಳಿದೆಲ್ಲವೂ ಸರಿಯಾಗಿವೆ. ಮುಂದೆ ಆ ಫೈಲಿನ ಹೆಸರು.

ಅದು ರಂಗನಾಯಕಮ್ಮನವರದೇ. ಕಡೆಯ ವರ್ಷದ್ದು. ಎಡಗಣ್ಣು.

ಅವಳು ವಂಶಿಯ ತಂತ್ರಾಂಶ ತಂದಿಟ್ಟ ಪ್ರತಿಯಲ್ಲಿ ಅದೇ ಫೈಲನ್ನು ತೆರೆದಳು. ಮೇಲಿನ ಕಾಲುಭಾಗ ಕಿತ್ತಳೆ ಬಣ್ಣ, ಒಂದೆರಡು ನಾಳಗಳ ತುದಿ. ಕೆಳಗೆಲ್ಲ ಬೂದು. ಓದಲಾಗದ ಜಾಗವನ್ನು ಅದು ಸೊನ್ನೆಗಳಿಂದ ತುಂಬಿ, ಹಸಿರು ಗುರುತು ಹಾಕಿ ಸುಮ್ಮನಾಗಿತ್ತು.

ಶಿವನಂಜಮ್ಮ ಪರದೆಯನ್ನೂ ವೇದವತಿಯ ಮುಖವನ್ನೂ ನೋಡಿದರು. "ನಿಮ್ಮವ್ವಂದಾ?"

"ಹೂಂ."

"ನಾನ್ ನೀರ್ ಚಿಮ್ಕಿಸಿದ್ಕೆ ಇಂಗಾಯ್ತಾ?"

"ಗೊತ್ತಿಲ್ಲ ಶಿವನಂಜಮ್ಮ. ಪೂಜೆ ಇಲ್ಲದ ಕಡೇನೂ ಡಿಸ್ಕುಗಳು ಕೆಡ್ತವೆ. ಗೊತ್ತಿಲ್ಲದ್ದನ್ನ ಹೌದು ಅನ್ನೋಕಾಗಲ್ಲ."

"ಅಂಗಾರೆ ಅಲ್ಲ ಅಂತ್ಲಾದ್ರೂ ಅನ್ನಿ."

ವೇದವತಿ ಬಾಯಿ ತೆರೆದಳು. 'ಅಲ್ಲ' ಎಂಬ ಒಂದು ಮಾತು ಸಾಕಿತ್ತು. ಎದುರಿಗಿರುವ ಹೆಂಗಸು ಹಗುರವಾಗಿ ಮನೆಗೆ ಹೋಗುತ್ತಿದ್ದಳು. "ಅದೂ ಗೊತ್ತಿಲ್ಲ," ಎಂದಳು.

ಶಿವನಂಜಮ್ಮ ಕೆಂಪು ವಸ್ತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ಒಂದು ಲೋಟ ಕಾಫಿಯನ್ನು ಮೇಜಿನ ಮೇಲಿಟ್ಟರು. "ಬೆಳಗಿಂದ ಏನೂ ತಿಂದಿಲ್ಲ. ಕುಡೀರಿ. ಇದ್ಕೂ ಗೊತ್ತಿಲ್ಲ ಅನ್ಬ್ಯಾಡಿ ಮತ್ತೆ."

ಕಾಫಿ ಕುಡಿದು ಅವಳು ಡಾಕ್ಟರಿಗೆ ಫೋನು ಮಾಡಿದಳು. ಯಾವುದನ್ನು ಆರಿಸಬೇಕೆಂದು ಹೇಳಿದಾಗ ಅತ್ತಲಿಂದ ಅನುಮಾನ ಕೇಳಿಸಿತು.

"ಅದು ಎಡವಟ್ಟು ತೋರಿಸ್ತು ಅಂತೀರಿ. ವಂಶಿಯದು ಪೂರ್ತಿ ಆಯ್ತು ಅಂತಲ್ಲ?"

"ಎರಡಕ್ಕೂ ಸಿಕ್ಕಿದ್ದು ಅಷ್ಟೇ ಸಾರ್. ಇದು ಇಲ್ಲದ್ದನ್ನ ಇಲ್ಲ ಅಂತ ಹೇಳುತ್ತೆ. ಅದೊಂದೇ ವ್ಯತ್ಯಾಸ. ಇಲ್ಲ ಅಂತ ಗೊತ್ತಾದರೆ ಹುಡುಕಬಹುದು, ಪೇಷಂಟನ್ನ ಮತ್ತೆ ಕರೆಸಬಹುದು."

ತಾವು ಬೇಡವೆಂದಿದ್ದನ್ನು ಡಾಕ್ಟರು ನೆನಪಿಸಲಿಲ್ಲ. "ಇಲ್ಲದ್ದು ಯಾವುದು ವೇದವತಿಯವರೇ?" ಎಂದು ಕೇಳಿದರು.

"ಒಂದೇ ಒಂದು ಸಾರ್. ಕರೆಸೋಕಾಗದ ಪೇಷಂಟದು."

ಹೊರಡುವ ಮುನ್ನ ಅವಳು ಉಳಿದ ಚಿತ್ರಗಳನ್ನು ಸ್ವಸ್ಥಾನಕ್ಕೆ ಸೇರಿಸಿದಳು. ಕಡೆಯ ವರ್ಷದ ಎಡಗಣ್ಣಿನ ಚೌಕದಲ್ಲಿ ಆ ಕಾಲುಭಾಗದ ಚೂರನ್ನು ಇಡಬಹುದಿತ್ತು. ಇಡಲಿಲ್ಲ. 'ಚಿತ್ರ ನಷ್ಟವಾಗಿದೆ' ಎಂದು ಬರೆದು ಉಳಿಸಿದಳು. ಕೆಂಪರಾಜು ಗೇಟಿನವರೆಗೆ ಬಂದ.

"ಬರೋ ವರ್ಸ ಪೂಜೆನ ನೀವೇ ಬಂದು ಮಾಡ್ಬುಡಿ ಮೇಡಂ. ನಮ್ಗೂ ಸೇಫು, ದೇವ್ರಿಗೂ ಸೇಫು."

"ಪೂಜೆ ನೀವೇ ಮಾಡಿ. ನಾನು ಬರ್ತೀನಿ."

"ಬಂದು?"

"ಮಂಗಳಾರತಿ ಆದ್ಮೇಲೆ ತಂತಿ ಸಿಕ್ಕಿಸೋಕೆ ಯಾರಾದ್ರೂ ಬೇಕಲ್ಲ."

ಅವನು ನಕ್ಕ. ಅವಳಿಗೂ ನಗು ಬಂದಂತಾಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೆ.ಎಂ. ದೊಡ್ಡಿ ದಾಟುವಾಗ ಮದ್ದೂರಿನ ಶಾಖೆಗೆ ಫೋನು ಮಾಡಿ ಡಿಸ್ಕು ಎಲ್ಲಿದೆಯೆಂದು ವಿಚಾರಿಸಿದಳು. ಫೋನೆತ್ತಿದ ಹುಡುಗಿ ಯಾರನ್ನೋ ಕೂಗಿ ಕೇಳಿ, "ದೇವರ ಫೋಟೋ ಹಿಂದೆ ಇದೆಯಂತೆ ಮೇಡಂ, ಹೂ ಸಮೇತ," ಎಂದಳು. ಯಾರೂ ಅದನ್ನು ಮುಟ್ಟಬೇಡಿ, ತಾನೇ ಬರುತ್ತೇನೆ ಎಂದು ವೇದವತಿ ಹೇಳಿದಳು.

ಮದ್ದೂರು ಹತ್ತಿರವಾದಂತೆ ಕರಿದ ಈರುಳ್ಳಿಯ ವಾಸನೆ ಬಸ್ಸಿನೊಳಗೆ ಬಂತು. ಹಿಂದಿನ ಸೀಟಿನವರು ಧೂಳು ಬರುತ್ತದೆ, ಗಾಜು ಎಳೆಯಿರಿ ಎಂದರು. ಅವಳು ಕೈ ಎತ್ತಿದವಳು ಹಾಗೆಯೇ ಇಳಿಸಿದಳು. "ಇಲ್ಲೇ ಇಳೀತೀನಿ, ಒಂದು ನಿಮಿಷ ಇರಲಿ," ಎಂದಳು. ಕತ್ತನ್ನು ತುಸು ಬಲಕ್ಕೆ ಹೊರಳಿಸಿ, ನಿಲ್ದಾಣ ಬರುವವರೆಗೂ ಎಡಗಣ್ಣಿನಿಂದಲೇ ಹೊರಗೆ ನೋಡುತ್ತ ಕುಳಿತಳು. ಆಮೇಲೆ ಚೀಲದಲ್ಲಿ ಕೆಂಪರಾಜು ಕೊಟ್ಟ ಕುಂಚ ಇದೆಯೇ ಎಂದು ಮುಟ್ಟಿ ನೋಡಿಕೊಂಡು ಇಳಿದಳು.